ಮುಂಬೈ ಸುತ್ತೋಲೆ, ಹುಬ್ಬಳ್ಳಿ ಕೌಂಟರ್: ಕಂಪ್ಲೈಯನ್ಸ್ ಅಧಿಕಾರಿ ತಯಾರಾಗುವುದು ಹೇಗೆ?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಸುತ್ತಮುತ್ತ ಒಮ್ಮೆ ಅಡ್ಡಾಡಿದರೆ ದುಡ್ಡಿನ ವ್ಯವಹಾರ ಮಾಡುವ ಎಷ್ಟೋ ಬಗೆಯ ಬೋರ್ಡುಗಳು ಕಾಣುತ್ತವೆ. ಬ್ಯಾಂಕು, ಬಂಗಾರದ ಸಾಲ ಕೊಡುವ ಕಂಪನಿ, ಪತ್ತಿನ ಸೌಹಾರ್ದ ಸಹಕಾರಿ, ಶೇರು ಬ್ರೋಕರ್ ಕಚೇರಿ, ವಿಮಾ ಕಂಪನಿ, ಚೀಟಿ ಸಂಸ್ಥೆ. ಗಿರಾಕಿಗೆ ಇವೆಲ್ಲ ಒಂದೇ ಥರ. ಕಾನೂನಿನ ಲೆಕ್ಕದಲ್ಲಿ ಮಾತ್ರ ಒಂದೊಂದರ ದಾರಿ ಬೇರೆ. ಬ್ಯಾಂಕು ಮತ್ತು ಬ್ಯಾಂಕೇತರ ಹಣಕಾಸು ಕಂಪನಿ ಆರ್‌ಬಿಐ ಕೈಕೆಳಗೆ ಬರುತ್ತವೆ. ಶೇರು ಬ್ರೋಕರ್ ಮೇಲೆ ಸೆಬಿ, ವಿಮೆ ಮೇಲೆ ಐಆರ್‌ಡಿಎಐ. ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆ ಮತ್ತು ರಾಜ್ಯದ ರಿಜಿಸ್ಟ್ರಾರ್. ಸೌಹಾರ್ದಕ್ಕೆ ನಮ್ಮ ರಾಜ್ಯದ್ದೇ 1997ರ ಕಾಯ್ದೆ. ಪಟ್ಟಣ ಸಹಕಾರಿ ಬ್ಯಾಂಕಿಗಂತೂ ಇಬ್ಬರು: ಒಂದು ಕಡೆ ಸಹಕಾರ ಇಲಾಖೆ, ಇನ್ನೊಂದು ಕಡೆ ಆರ್‌ಬಿಐ. 2020ರ ತಿದ್ದುಪಡಿ ಆದ ಮೇಲೆ ಆರ್‌ಬಿಐ ಹಿಡಿತ ಇನ್ನೂ ಬಿಗಿಯಾಗಿದೆ.

ಸಹಕಾರದ ಮಾತು ಬಂದರೆ ನಮ್ಮ ಭಾಗಕ್ಕೆ ಒಂದು ಹೆಮ್ಮೆಯೂ ಇದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದಿದ್ದೇ 1904ರಲ್ಲಿ. ಅಂದರೆ ಕಾನೂನು ಬಂದ ಮರುವರ್ಷವೇ ಅದನ್ನು ಓದಿ, ಅರ್ಥ ಮಾಡಿಕೊಂಡು, ಒಂದು ಹಳ್ಳಿಯ ಜನರ ಬಳಕೆಗೆ ತಂದರು. ಕಂಪ್ಲೈಯನ್ಸ್ ಅಧಿಕಾರಿ, ಅಂದರೆ ಸಂಸ್ಥೆಯಲ್ಲಿ ನಿಯಮ ಪಾಲನೆ ನೋಡಿಕೊಳ್ಳುವವರ ಕೆಲಸವೂ ಹೆಚ್ಚುಕಡಿಮೆ ಇದೇ. ಎಲ್ಲೋ ಬರೆದ ನಿಯಮವನ್ನು ಇಲ್ಲಿಯ ಕೌಂಟರಿನಲ್ಲಿ ನಡೆಯುವ ಕೆಲಸವನ್ನಾಗಿ ಮಾಡುವುದು.

ಈ ಹುದ್ದೆಗೆ ಬಂದವರಿಗೆ ತರಬೇತಿ ಹೇಗೆ ಕೊಡುತ್ತಾರೆ, ಹೇಗೆ ಕೊಡಬೇಕು ಅನ್ನುವುದು ಈ ಲೇಖನದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ತರಬೇತಿಗಳು ನಿಯಮದ ಪಾಠ ಮಾಡಿ ನಿಲ್ಲುತ್ತವೆ. ನಿಯಮವನ್ನು ಪುಸ್ತಕದಲ್ಲಿ ಓದಿಕೊಳ್ಳಬಹುದು. ಹೇಳಿಕೊಡಬೇಕಾಗಿರುವುದು ಮೂರು ಕೆಲಸ: ನೋಡುವುದು, ಬರೆಯುವುದು, ಬೇಡ ಅನ್ನುವುದು. ಈ ಮೂರನ್ನೂ ಊರಿನ ವ್ಯವಹಾರ ಗೊತ್ತಿಲ್ಲದೆ ಕಲಿಯಲು ಆಗುವುದಿಲ್ಲ.

ಆಡಿಟ್ ಬೇರೆ, ಇದು ಬೇರೆ

ಹೊಸಬರಲ್ಲಿ ಒಂದು ಗೊಂದಲ ಇರುತ್ತದೆ. ಆಡಿಟರ್ ಇದ್ದಾರಲ್ಲ, ಮತ್ತೆ ಇವರೇಕೆ? ಆಡಿಟರ್ ಬರುವುದು ಕೆಲಸ ಮುಗಿದ ಮೇಲೆ. ಕಂಪ್ಲೈಯನ್ಸ್ ಅಧಿಕಾರಿ ಇರಬೇಕಾದ್ದು ಕೆಲಸ ಶುರುವಾಗುವ ಮೊದಲು. ಹೊಸ ಸಾಲದ ಯೋಜನೆ ಬಂದರೆ ಅದರ ಅರ್ಜಿ ಫಾರಂ ಅಚ್ಚಾಗುವ ಮುಂಚೆ ಇವರ ಟೇಬಲ್ಲಿಗೆ ಬರಬೇಕು. ಶಾಖೆಯವರು ಮೊದಲ ಸಾಲು, ಕಂಪ್ಲೈಯನ್ಸ್ ಮತ್ತು ರಿಸ್ಕ್ ಎರಡನೆಯ ಸಾಲು, ಆಡಿಟ್ ಮೂರನೆಯದು ಅಂತ ಪಾಠದಲ್ಲಿ ಹೇಳುತ್ತಾರೆ. ಮೊದಲ ಸಾಲಿನವರಿಗೆ ಟಾರ್ಗೆಟ್ ಇರುತ್ತದೆ, ಎರಡನೆಯವರಿಗೆ ಇರಬಾರದು.

ಆರ್‌ಬಿಐ ಇದನ್ನು ಗಟ್ಟಿಯಾಗಿ ಹೇಳಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಬ್ಯಾಂಕಿನ ಮುಖ್ಯ ಕಂಪ್ಲೈಯನ್ಸ್ ಅಧಿಕಾರಿಗೆ ಕನಿಷ್ಠ 3 ವರ್ಷದ ಅವಧಿ ಕೊಡಬೇಕು. 15 ವರ್ಷದ ಬ್ಯಾಂಕಿಂಗ್ ಅಥವಾ ಹಣಕಾಸು ಅನುಭವ ಇರಬೇಕು. ಅದರಲ್ಲಿ 5 ವರ್ಷವಾದರೂ ಆಡಿಟ್, ಹಣಕಾಸು, ಕಂಪ್ಲೈಯನ್ಸ್, ಕಾನೂನು ಅಥವಾ ರಿಸ್ಕ್ ವಿಭಾಗದಲ್ಲಿ ಕಳೆದಿರಬೇಕು. ಬಿಸಿನೆಸ್ ಟಾರ್ಗೆಟ್ ಕೊಡುವಂತಿಲ್ಲ. ಅವಧಿ ಮುಗಿಯುವ ಮೊದಲು ತೆಗೆಯಬೇಕೆಂದರೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. 2022ರಲ್ಲಿ ದೊಡ್ಡ ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ ದೊಡ್ಡ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಇದೇ ದಾರಿಯ ಸೂಚನೆ ಬಂತು. ಗದಗ, ಹಾವೇರಿಯ ಸಣ್ಣ ಸಹಕಾರಿ ಬ್ಯಾಂಕುಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ಅಲ್ಲಿ ಒಬ್ಬರೇ ಕೆವೈಸಿ ನೋಡುತ್ತಾರೆ, ಆಡಿಟ್ ಉತ್ತರ ಬರೆಯುತ್ತಾರೆ, ವಕೀಲರ ಜೊತೆ ಓಡಾಡುತ್ತಾರೆ. ತರಬೇತಿ ಜಾಸ್ತಿ ಬೇಕಾಗಿರುವುದೂ ಅಂಥವರಿಗೇ.

ಒಂದು ಸುತ್ತೋಲೆಯನ್ನು ಶಾಖೆಗೆ ಇಳಿಸುವುದು

ನನ್ನ ಪ್ರಕಾರ ತರಬೇತಿಯ ಮೊದಲ ವಾರ ಪೂರ್ತಿ ಒಂದೇ ಒಂದು ಸುತ್ತೋಲೆ ಹಿಡಿದು ಕೂರಬೇಕು. ಆರ್‌ಬಿಐನ 2023ರ ಸೆಪ್ಟೆಂಬರ್ 13ರ ಸುತ್ತೋಲೆ ಈ ಅಭ್ಯಾಸಕ್ಕೆ ತುಂಬಾ ಚೆನ್ನಾಗಿದೆ. ಸಾಲ ಪೂರ್ತಿ ತೀರಿಸಿದ 30 ದಿನದೊಳಗೆ ಆಸ್ತಿಯ ಮೂಲ ಕಾಗದಪತ್ರ ವಾಪಸ್ ಕೊಡಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಜಾರಿ. ಓದುವುದಕ್ಕೆ ಐದು ನಿಮಿಷ ಸಾಕು.

ಈಗ ಇದನ್ನು ಕೌಂಟರಿಗೆ ತನ್ನಿ. ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರ ಮನೆ ಸಾಲದ ಕೊನೆಯ ಕಂತು 5ನೇ ತಾರೀಖು ಖಾತೆಯಿಂದ ತಾನಾಗಿಯೇ ಕಡಿತವಾಯಿತು ಅಂದುಕೊಳ್ಳಿ. ಅವತ್ತಿನಿಂದಲೇ 30 ದಿನ ಓಡತೊಡಗುತ್ತದೆ. ಆದರೆ ಶಾಖೆಯಲ್ಲಿ ಯಾರಿಗೂ ಸುದ್ದಿ ಇಲ್ಲ, ಯಾಕೆಂದರೆ ಗಿರಾಕಿ ಅರ್ಜಿ ಕೊಟ್ಟಿಲ್ಲ. ಮೂಲ ಖರೀದಿ ಪತ್ರ ಇರುವುದು ಬೆಂಗಳೂರಿನ ಗೋದಾಮಿನಲ್ಲಿ. ಅದನ್ನು ತರಿಸಲು ಒಂದು ಇಮೇಲ್, ಒಂದು ಮಂಜೂರಾತಿ, ಒಂದು ಕೊರಿಯರ್. ನಡುವೆ ಎರಡು ಹಬ್ಬದ ರಜೆ. ಅಡವಿಟ್ಟ ಆಸ್ತಿಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ ನೋಂದಣಿಯಲ್ಲಿರುವ ಬ್ಯಾಂಕಿನ ಹಕ್ಕನ್ನೂ ತೆಗೆಸಬೇಕು, ಅದನ್ನು ಮಾಡುವವರು ಬೇರೆ ವಿಭಾಗ. ಗಿರಾಕಿ ತೀರಿಕೊಂಡಿದ್ದರೆ ವಾರಸುದಾರರಿಗೆ ಹೇಗೆ ಕೊಡುತ್ತೀರಿ ಅನ್ನುವ ಕ್ರಮವನ್ನು ವೆಬ್‌ಸೈಟಿನಲ್ಲಿ ಹಾಕಿರಬೇಕು. ಕಾಗದ ಕಳೆದುಹೋಗಿದ್ದರೆ ನಕಲು ತೆಗೆಸುವ ಖರ್ಚು ಸಂಸ್ಥೆಯದ್ದೇ, ಅದಕ್ಕೆ ಇನ್ನೂ 30 ದಿನ ಸಿಗುತ್ತದೆ.

ಈ ಸರಪಳಿಯ ಒಂದೊಂದು ಕೊಂಡಿಯ ಮುಂದೆ ಒಂದು ಹೆಸರು, ಒಂದು ತಾರೀಖು ಬರೆಸುವುದೇ ಪಾಠ. ಸಾಲ ಮುಗಿಯುವ ಎರಡು ತಿಂಗಳ ಮೊದಲೇ ಕಂಪ್ಯೂಟರ್ ಪಟ್ಟಿ ತೆಗೆಯುತ್ತದೆಯೇ? ಆ ಪಟ್ಟಿ ಯಾರ ಕೈಗೆ ಹೋಗುತ್ತದೆ? ಅವರು ರಜೆ ಹಾಕಿದರೆ?

ಇದೇ ಸುತ್ತೋಲೆಯಲ್ಲಿ ಇನ್ನೊಂದು ಪಾಠವೂ ಇದೆ. ನವಲಗುಂದದ ರೈತರೊಬ್ಬರು ಬೆಳೆ ಸಾಲ ತೀರಿಸಿ ಬಂದು, "ನನ್ನ ಉತಾರದಾಗ ಇನ್ನೂ ಬ್ಯಾಂಕಿನ ಹೆಸರು ಐತ್ರಿ, ಮೂವತ್ತ ದಿನ ಆತು, ದಿನಕ್ಕ ಐದ ಸಾವಿರ ಕೊಡ್ರಿ" ಅಂದರೆ ಏನು ಹೇಳುತ್ತೀರಿ? ಸುತ್ತೋಲೆಯ ತಲೆಬರಹವನ್ನು ಸರಿಯಾಗಿ ಓದಿದವರಿಗೆ ಗೊತ್ತಿರುತ್ತದೆ, ಅದು ವೈಯಕ್ತಿಕ ಸಾಲಗಳಿಗೆ ಸಂಬಂಧಿಸಿದ್ದು. ಆರ್‌ಬಿಐ ಲೆಕ್ಕದಲ್ಲಿ ಮನೆ ಸಾಲ, ಶಿಕ್ಷಣ ಸಾಲ ಅದರೊಳಗೆ ಬರುತ್ತವೆ, ಬೆಳೆ ಸಾಲ ಬರುವುದಿಲ್ಲ. ಹಾಗಂತ ರೈತರನ್ನು ಬರಿಗೈಲಿ ಕಳಿಸುವುದು ಸರಿಯೇ? ಸಾಲ ತೀರಿದ ಮೇಲೆ ಪಹಣಿಯಲ್ಲಿ ಹೆಸರು ಉಳಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಎಲ್ಲಿದೆ? ಪರಿಹಾರದ ಲೆಕ್ಕ ಬೇರೆ, ಋಣಮುಕ್ತ ಪತ್ರವನ್ನು ಅವತ್ತೇ ಕೊಡುವುದು ಬೇರೆ. ಈ ಎರಡನ್ನೂ ಒಂದೇ ಮಾತಿನಲ್ಲಿ, ಸಿಟ್ಟು ಬರಿಸದೆ ಹೇಳಲು ಬರಬೇಕು.

ಹೀಗೆ ಒಂದನ್ನು ಪೂರ್ತಿ ಅರಗಿಸಿಕೊಂಡವರು ಮಿಕ್ಕಿದ್ದನ್ನು ಬೇಗ ಹಿಡಿಯುತ್ತಾರೆ. 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಕ್ಕೂ ಸಣ್ಣ ಉದ್ದಿಮೆಗಳ ಅವಧಿ ಸಾಲಕ್ಕೂ ಮುಖ್ಯ ಅಂಶಗಳ ಪತ್ರ ಕೊಡಬೇಕು. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಶೇಕಡಾ ಬೀಳುತ್ತದೆ ಅಂತ ಅದರಲ್ಲಿ ಇರಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಹುಬ್ಬಳ್ಳಿಯ ಶಾಖೆಯಲ್ಲಿ ಆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಪ್ರಿಂಟ್ ಆಗುತ್ತಿದ್ದರೆ, ಎಷ್ಟು ಸಹಿ ಹಾಕಿಸಿಕೊಂಡರೂ ನಿಯಮ ಪಾಲಿಸಿದಂತಾಗುವುದಿಲ್ಲ.

ಸುತ್ತೋಲೆ ನಂಬರ್ ಬಾಯಿಪಾಠ ಮಾಡಿಸುವ ತರಬೇತಿಗೆ ಈಗ ಅರ್ಥವೂ ಉಳಿದಿಲ್ಲ. 2025ರ ನವೆಂಬರ್ ಕೊನೆಯಲ್ಲಿ ಆರ್‌ಬಿಐ 9,000ಕ್ಕೂ ಜಾಸ್ತಿ ಹಳೆಯ ಸುತ್ತೋಲೆಗಳನ್ನು ಕೈಬಿಟ್ಟು, ಸಂಸ್ಥೆಯ ಬಗೆಗೆ ತಕ್ಕಂತೆ 244 ನಿರ್ದೇಶನಗಳಾಗಿ ಕ್ರೋಡೀಕರಿಸಿತು. ನಂಬರ್ ಕಲಿತವರು ಮತ್ತೆ ಮೊದಲಿಂದ ಕಲಿಯಬೇಕಾಯಿತು. ಉದ್ದೇಶ ಕಲಿತವರಿಗೆ ಹೊಸ ವಿಳಾಸ ಹುಡುಕುವುದಷ್ಟೇ ಕೆಲಸ.

ಕಪ್ಪು ಹಣ ಬಿಳಿಯಾಗುವ ದಾರಿ ಮತ್ತು ಬ್ಯಾಡಗಿ ಮೆಣಸಿನಕಾಯಿ

ತರಬೇತಿಯಲ್ಲಿ ಅತಿ ಹೆಚ್ಚು ಹೊತ್ತು ಬೇಡುವುದು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ. 2002ರ ಕಾಯ್ದೆ ಇದು, ಜಾರಿಗೆ ಬಂದದ್ದು 2005ರ ಜುಲೈ 1ರಂದು. ಇದರ ಪ್ರಕಾರ ಪ್ರತಿ ಸಂಸ್ಥೆಯೂ ವರದಿ ಕಳಿಸುವ ಹೊಣೆಗೆ ಒಬ್ಬ ಪ್ರಿನ್ಸಿಪಲ್ ಆಫೀಸರನ್ನು ನೇಮಿಸಬೇಕು. ಆಡಳಿತ ಮಂಡಳಿಯ ಮಟ್ಟದಲ್ಲಿ ಇದಕ್ಕೆ ಹೊಣೆ ಹೊರುವ ಡೆಸಿಗ್ನೇಟೆಡ್ ಡೈರೆಕ್ಟರ್ ಬೇರೆ ಇರಬೇಕು. ಇಬ್ಬರೂ ಒಬ್ಬರೇ ಆಗುವಂತಿಲ್ಲ. ವರದಿ ಹೋಗುವುದು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ, ಅಂದರೆ ಎಫ್‌ಐಯು-ಇಂಡಿಯಾಕ್ಕೆ.

ವರದಿಗಳಲ್ಲಿ ಮುಖ್ಯವಾದವು ಎರಡು. ಒಂದು ನಗದು ವ್ಯವಹಾರದ ವರದಿ, ಸಿಟಿಆರ್. 10 ಲಕ್ಷ ಮೀರಿದ ನಗದು ವ್ಯವಹಾರ, ಅಥವಾ ಒಂದಕ್ಕೊಂದು ಸಂಬಂಧ ಇರುವ ಸಣ್ಣ ಸಣ್ಣ ನಗದು ವ್ಯವಹಾರ ಸೇರಿ ತಿಂಗಳಲ್ಲಿ 10 ಲಕ್ಷ ದಾಟಿದರೆ, ಮುಂದಿನ ತಿಂಗಳ 15ರೊಳಗೆ ಕಳಿಸಬೇಕು. ಇದು ಲೆಕ್ಕದ ಕೆಲಸ, ಕಂಪ್ಯೂಟರ್ ಮಾಡುತ್ತದೆ. ಇನ್ನೊಂದು ಅನುಮಾನದ ವ್ಯವಹಾರದ ವರದಿ, ಎಸ್‌ಟಿಆರ್. ಇಲ್ಲಿ ಮೊತ್ತದ ಮಿತಿಯೇ ಇಲ್ಲ. ಹತ್ತು ಸಾವಿರದ್ದೂ ಆಗಬಹುದು. ವ್ಯವಹಾರ ನಡೆಯದೆ ಬರೀ ಪ್ರಯತ್ನ ಆಗಿದ್ದರೂ ಬರೆಯಬೇಕು. ಅನುಮಾನ ಖಚಿತವಾದ ಮೇಲೆ 7 ಕೆಲಸದ ದಿನದೊಳಗೆ ಹೋಗಬೇಕು. ಇದನ್ನು ಕಂಪ್ಯೂಟರ್ ಒಂದೇ ಮಾಡಲಾರದು. ಅದು ಗಂಟೆ ಬಾರಿಸುತ್ತದೆ, ನೋಡಬೇಕಾದವರು ಮನುಷ್ಯರು.

ಮುಂಬೈನಲ್ಲಿ ಕೂತು ಬರೆದ ತರಬೇತಿ ಪುಸ್ತಕ ಸೋಲುವುದು ಇಲ್ಲೇ. ಅದರಲ್ಲಿ ಬಂದರು, ಆಮದು ರಫ್ತು, ವಜ್ರದ ವ್ಯಾಪಾರದ ಉದಾಹರಣೆ ಇರುತ್ತವೆ. ಹಾವೇರಿಯ ಶಾಖೆಗೆ ಬೇಕಾಗಿರುವುದು ಮೆಣಸಿನಕಾಯಿಯ ಉದಾಹರಣೆ.

ವರ್ಷವಿಡೀ ಎರಡು ಮೂರು ಸಾವಿರ ಓಡಾಡುವ ಒಂದು ಉಳಿತಾಯ ಖಾತೆ. ಮಾರ್ಚ್ ತಿಂಗಳಲ್ಲಿ ಇದ್ದಕ್ಕಿದ್ದಂತೆ 8 ಲಕ್ಷ ಬಂದು ಬಿತ್ತು. ಸಾಫ್ಟ್‌ವೇರ್ ಕೆಂಪು ದೀಪ ಹಚ್ಚುತ್ತದೆ. ಹೆಡ್ಡಾಫೀಸಿನಿಂದ ಕಾರಣ ಕೇಳಿ ಮೇಲ್ ಬರುತ್ತದೆ. ಬ್ಯಾಡಗಿ ಮಾರುಕಟ್ಟೆ ಗೊತ್ತಿದ್ದವರಿಗೆ ಇದರಲ್ಲಿ ಅಚ್ಚರಿ ಏನೂ ಇಲ್ಲ. ಮೆಣಸಿನಕಾಯಿ ಆವಕದ ಕಾಲ ಅದು. ಹೊಲ ಎಷ್ಟು ಎಕರೆ, ಉತಾರ ಯಾರ ಹೆಸರಿನಲ್ಲಿದೆ, ದಲಾಲರು ಕೊಟ್ಟ ಪಟ್ಟಿ ಇದೆಯೇ ಅಂತ ನೋಡಿದರೆ ಮುಗಿಯಿತು.

ಅದೇ ಹಣ ಆಗಸ್ಟ್‌ನಲ್ಲಿ ಬಂದರೆ? ಹೊಸಬರು ಕೂಡಲೇ ಅನುಮಾನ ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜುಗಳು ಬೇಕಾದಷ್ಟಿವೆ. ರೇಟು ಏರಲಿ ಅಂತ ಮಾಲು ಇಟ್ಟವರು ಮಳೆಗಾಲದಲ್ಲೂ ಮಾರುತ್ತಾರೆ. ಕೋಲ್ಡ್ ಸ್ಟೋರೇಜಿನ ರಸೀದಿ ಕೇಳಿ. ರಸೀದಿ ಇದ್ದರೆ ವ್ಯವಹಾರಕ್ಕೆ ಕಾರಣ ಸಿಕ್ಕಂತೆ. ರಸೀದಿ ಇಲ್ಲ, ಹೊಲ ಇಲ್ಲ, ಮೆಣಸಿನಕಾಯಿ ಮಾರಿದ ಹಣ ಅಂತ ಬಾಯಿಮಾತಿನಲ್ಲಿ ಹೇಳುತ್ತಾರೆ, ಹಣ ಬಂದ ಮರುದಿನವೇ ಬೇರೆ ರಾಜ್ಯದ ಖಾತೆಗೆ ಹೋಗಿದೆ ಅಂದರೆ ಆಗ ಪೆನ್ನು ತೆಗೆಯಬೇಕು. ಗದಗಿನಲ್ಲಿ ಹೆಸರುಕಾಳು ಬರುವುದು ಆಗಸ್ಟ್-ಸೆಪ್ಟೆಂಬರ್, ಹಾವೇರಿ ಕಡೆ ಗೋವಿನಜೋಳ ದಸರಾ ದೀಪಾವಳಿ ಆಸುಪಾಸು. ಈ ಭಾಗದ ಕಂಪ್ಲೈಯನ್ಸ್ ಅಧಿಕಾರಿಯ ಗೋಡೆಯ ಮೇಲೆ ಒಂದು ಬೆಳೆ ಕ್ಯಾಲೆಂಡರ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬರೆಯುವುದು ಅನ್ನುವ ಅರ್ಧ ಕೆಲಸ

ಧಾರವಾಡ ವಿದ್ಯಾರ್ಥಿಗಳ ಊರು. ಹಾಗಾಗಿ ಇಲ್ಲಿಯ ಶಾಖೆಗಳಿಗೆ ಬಾಡಿಗೆ ಖಾತೆಯ ಅಪಾಯ ಜಾಸ್ತಿ. ಸೈಬರ್ ವಂಚನೆಯ ಹಣವನ್ನು ದಾಟಿಸಲು ಬೇರೆಯವರ ಖಾತೆ ಬೇಕಾಗುತ್ತದೆ. ನಾಲ್ಕೈದು ಸಾವಿರ ಕೊಟ್ಟು ಹುಡುಗರ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ತೆಗೆದುಕೊಳ್ಳುತ್ತಾರೆ. ಹುಡುಗರಿಗೆ ಅದರ ಹಿಂದೆ ಏನಿದೆ ಅಂತ ಗೊತ್ತಿರುವುದಿಲ್ಲ. ಪೊಲೀಸರು ಬಂದಾಗ ಸಿಗುವ ಹೆಸರು ಮಾತ್ರ ಅವರದ್ದೇ. ಇಂಥ ಖಾತೆಗಳನ್ನು ಹಿಡಿಯಲು ಆರ್‌ಬಿಐನ ಇನ್ನೋವೇಶನ್ ಹಬ್ ಬೆಂಗಳೂರಿನಲ್ಲಿ ಮ್ಯೂಲ್‌ಹಂಟರ್ ಅನ್ನುವ ಸಾಫ್ಟ್‌ವೇರ್ ಮಾಡಿದೆ. ಅದು ಎತ್ತಿ ತೋರಿಸಿದ ಮೇಲೂ ಯಾರೋ ಒಬ್ಬರು ಕೂತು ಬರೆಯಬೇಕು.

ತರಗತಿಗೆ ಒಂದು ಕಲ್ಪಿತ ಖಾತೆ ಕೊಡಿ, ಅನುಮಾನದ ಕಾರಣ ಬರೆಯಿರಿ ಅನ್ನಿ. ಹತ್ತರಲ್ಲಿ ಎಂಟು ಜನ ಬರೆಯುವುದು ಹೀಗಿರುತ್ತದೆ: "ಖಾತೆಯಲ್ಲಿ ಅನುಮಾನಾಸ್ಪದ ವ್ಯವಹಾರ ಕಂಡುಬಂದಿದೆ. ಗ್ರಾಹಕರ ಪ್ರೊಫೈಲ್‌ಗೆ ಹೊಂದಾಣಿಕೆ ಇಲ್ಲ."

ಇದನ್ನು ಓದಿದ ದೆಹಲಿಯ ಅಧಿಕಾರಿಗೆ ಏನು ತಿಳಿಯಿತು? ಏನೂ ಇಲ್ಲ. ಅದೇ ಖಾತೆಯ ಬಗ್ಗೆ ಹೀಗೆ ಬರೆದು ನೋಡಿ: "ಖಾತೆದಾರರು 19 ವರ್ಷದ ವಿದ್ಯಾರ್ಥಿ, ಹಾಸ್ಟೆಲ್ ವಿಳಾಸ. ಖಾತೆ ತೆರೆದು ಹತ್ತು ತಿಂಗಳಾಗಿದೆ. ಇಲ್ಲಿಯವರೆಗೆ ಮನೆಯಿಂದ ತಿಂಗಳಿಗೆ 4,000 ಬರುತ್ತಿತ್ತು. 3ನೇ ತಾರೀಖು ಮೊಬೈಲ್ ನಂಬರ್ ಬದಲಾಯಿತು. 10ರಿಂದ 12ರ ನಡುವೆ ಐದು ರಾಜ್ಯಗಳ 14 ಖಾತೆಗಳಿಂದ 6,80,000 ರೂಪಾಯಿ ಬಂದಿದೆ. ಪ್ರತಿ ಸಲವೂ ಹತ್ತು ನಿಮಿಷದೊಳಗೆ ಅಷ್ಟೂ ಹಣ ಎರಡು ಖಾತೆಗಳಿಗೆ ಹೋಗಿದೆ. ಆ ಎರಡೂ ಖಾತೆಗಳ ವಿವರ ಜೊತೆಗಿದೆ." ಯಾರು, ಯಾವಾಗ, ಎಷ್ಟು, ಎಲ್ಲಿಂದ, ಎಲ್ಲಿಗೆ, ಮೊದಲು ಹೇಗಿತ್ತು, ಈಗ ಯಾಕೆ ಬೇರೆ. ತೀರ್ಪು ಕೊಟ್ಟಿಲ್ಲ, ಹುಡುಗನನ್ನು ಕಳ್ಳ ಅಂದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದೆ. ಮೊದಲು ಕನ್ನಡದಲ್ಲಿ ಹೀಗೆ ಬರೆದು, ಆಮೇಲೆ ಇಂಗ್ಲಿಷಿಗೆ ತಂದವರ ವರದಿ ಬಹಳ ಚೊಕ್ಕ ಇರುತ್ತದೆ. ನೇರ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಹಳೆಯ ಸಿದ್ಧ ವಾಕ್ಯಗಳೇ ಕೈಗೆ ಬರುತ್ತವೆ.

ವರದಿ ಕಳಿಸಿದ ಮೇಲೆ ಬಾಯಿ ಬಿಗಿಹಿಡಿಯುವುದು ಕೂಡ ತರಬೇತಿಯ ಭಾಗ. ಗಿರಾಕಿಗೆ ಸುಳಿವು ಕೊಡುವಂತಿಲ್ಲ. ನಮ್ಮ ಕಡೆಯ ಶಾಖೆಗಳಲ್ಲಿ ಗಿರಾಕಿ ಮತ್ತು ಕ್ಯಾಶಿಯರ್ ಒಂದೇ ಓಣಿಯವರು, ಬೀಗರು, ಜೊತೆಗೆ ಓದಿದವರು ಆಗಿರುತ್ತಾರೆ. "ಸರ, ನನ್ನ ಖಾತೆದಾಗ ಏನರ ಆಗೇತೇನ್ರಿ?" ಅಂತ ಕೇಳಿದರೆ, "ಏನಿಲ್ಲೋ, ನಿನ್ನ ಮ್ಯಾಲ ಒಂದ ರಿಪೋರ್ಟ್ ಹೋಗೇತಂತ" ಅನ್ನುವ ಸಲಿಗೆಯ ಒಂದು ಮಾತು ಕಾನೂನು ಮುರಿದಂತೆ. ಇನ್ನೂ ಒಂದು ಸೂಕ್ಷ್ಮ ಇದೆ. ಎಸ್‌ಟಿಆರ್ ಕಳಿಸಿದ್ದೇವೆ ಅನ್ನುವ ಕಾರಣಕ್ಕೆ ಖಾತೆಯ ವ್ಯವಹಾರ ತಡೆಯಬಾರದು ಅಂತ ಆರ್‌ಬಿಐ ನಿರ್ದೇಶನ ಹೇಳುತ್ತದೆ. ಹೊಸ ಅಧಿಕಾರಿಗಳು ಉತ್ಸಾಹದಿಂದ ಮೊದಲು ಮಾಡುವುದೇ ಖಾತೆ ನಿಲ್ಲಿಸುವುದು! ಪೊಲೀಸರದ್ದೋ ಕೋರ್ಟಿನದ್ದೋ ಆದೇಶ ಬಂದರೆ ಅದು ಬೇರೆ ಮಾತು. ಹೆಚ್ಚಿನ ಕಾಗದ ಕೇಳಿದರೆ ಗಿರಾಕಿಗೆ ಸುಳಿವು ಸಿಗುತ್ತದೆ ಅನ್ನಿಸಿದರೆ, ಕೇಳುವುದನ್ನು ಬಿಟ್ಟು ನೇರ ವರದಿ ಕಳಿಸುವುದೇ ನಿಯಮ.

ದಾಖಲೆಗಳನ್ನು ವ್ಯವಹಾರ ನಡೆದ ದಿನದಿಂದ 5 ವರ್ಷ ಇಡಬೇಕು. ಗಿರಾಕಿಯ ಗುರುತಿನ ಕಾಗದವನ್ನು ಖಾತೆ ಮುಚ್ಚಿದ ಮೇಲೂ 5 ವರ್ಷ.

ಸಂಘದ ಸಾಲ, ವಸೂಲಿಯ ಹೊತ್ತು

ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ಮೈಕ್ರೊಫೈನಾನ್ಸ್ ಸಾಲ ಎಷ್ಟು ಆಳಕ್ಕೆ ಇಳಿದಿದೆ ಅಂತ ಎಲ್ಲರಿಗೂ ಗೊತ್ತು. 2022ರ ಮಾರ್ಚ್‌ನ ಆರ್‌ಬಿಐ ನಿರ್ದೇಶನದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲ ಇದು. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು.

ಕಂಪ್ಲೈಯನ್ಸ್ ಅಧಿಕಾರಿ ಇಲ್ಲಿ ಹಿಡಿಯಬೇಕಾದ ಎಳೆ "ಎಲ್ಲ ಸಾಲ" ಅನ್ನುವುದು. ಮನೆಗೆ ತಿಂಗಳಿಗೆ 20,000 ಬರುತ್ತದೆ. ಹೆಂಡತಿಯ ಹೆಸರಿನ ಸಂಘದ ಕಂತು 3,000. ಫೀಲ್ಡ್ ಆಫೀಸರ್ ಅಷ್ಟನ್ನೇ ಬರೆದುಕೊಂಡು ಹೊಸ ಸಾಲಕ್ಕೆ ಇನ್ನೂ 7,000 ಜಾಗ ಇದೆ ಅನ್ನುತ್ತಾನೆ. ಗಂಡನ ಬೈಕಿನ ಕಂತು 4,000 ಲೆಕ್ಕಕ್ಕೆ ಬರಲೇ ಇಲ್ಲ. ನಿಜವಾಗಿ ಉಳಿದದ್ದು 3,000. ಕಾಗದದ ಮೇಲಿನ ಈ ಸಣ್ಣ ತಪ್ಪು ಮುಂದೆ ಒಂದು ಮನೆಯ ನೆಮ್ಮದಿ ತೆಗೆಯುತ್ತದೆ. ನನಗೆ ಈ ವೃತ್ತಿಯ ಬಗ್ಗೆ ಗೌರವ ಇರುವುದು ಇದೇ ಕಾರಣಕ್ಕೆ. ಸರಿಯಾಗಿ ಕೇಳಿದ ಒಂದು ಪ್ರಶ್ನೆ ಒಂದು ಕುಟುಂಬವನ್ನು ಸಾಲದ ಸುಳಿಯಿಂದ ಹೊರಗೆ ಇಡಬಹುದು.

ವಸೂಲಿಯ ಹೊತ್ತಿನ ವಿಷಯದಲ್ಲಿ ಅಧಿಕಾರಿಗಳೇ ಎಡವುತ್ತಾರೆ, ಯಾಕೆಂದರೆ ನಿಯಮ ಎರಡಿವೆ. ಮೈಕ್ರೊಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೇರೆ ಸಾಲಗಳಿಗೆ 2022ರ ಆಗಸ್ಟ್ ಸುತ್ತೋಲೆಯಂತೆ ಬೆಳಿಗ್ಗೆ 8, ಸಂಜೆ 7. ಎರಡೂ ಬಗೆಯ ಸಾಲ ಕೊಡುವ ಕಂಪನಿಯಲ್ಲಿ ಒಂದೇ ಕಾಲ್ ಸೆಂಟರ್ ಇದ್ದರೆ ಏನಾಗುತ್ತದೆ ಅಂತ ಯೋಚಿಸಿ. ವಸೂಲಿಗೆ ಹೊರಗಿನ ಏಜೆನ್ಸಿ ಇಟ್ಟರೂ ಹೊಣೆ ಸಾಲ ಕೊಟ್ಟ ಸಂಸ್ಥೆಯದ್ದೇ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾಯ್ದೆಯಾಯಿತು. 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಆರ್‌ಬಿಐ ನೋಂದಣಿ ಇರುವ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಇದೆ. ಕೆಲವು ಕಂಪನಿಗಳವರು ಇದನ್ನೇ ಹಿಡಿದು "ನಮಗೆ ಅನ್ವಯಿಸುವುದಿಲ್ಲ" ಅಂತ ನಿಶ್ಚಿಂತೆಯಾಗಿದ್ದಾರೆ. ಆರ್‌ಬಿಐ ನಿರ್ದೇಶನ ತಲೆ ಮೇಲೆ ಇದ್ದೇ ಇದೆ ಅಲ್ವಾ?

ಪರೀಕ್ಷೆ, ಪ್ರಮಾಣಪತ್ರ

ಎಲ್ಲಿ ಕಲಿಯುವುದು ಅಂತ ಕೇಳುವವರಿಗೆ ಚುಟುಕಾಗಿ ಹೇಳುತ್ತೇನೆ. ಶೇರು ಬ್ರೋಕರ್, ಡಿಪಾಸಿಟರಿ ಪಾರ್ಟಿಸಿಪೆಂಟ್ (ಡಿಮ್ಯಾಟ್ ಖಾತೆ ತೆರೆದುಕೊಡುವ ಸಂಸ್ಥೆ) ಮುಂತಾದ ಕಡೆ ಕಂಪ್ಲೈಯನ್ಸ್ ಅಧಿಕಾರಿ ಆಗಲು ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಸೀರೀಸ್ 3-ಎ ಪರೀಕ್ಷೆ ಕಡ್ಡಾಯ. 100 ಅಂಕ, ಪಾಸಾಗಲು 60, ತಪ್ಪು ಉತ್ತರಕ್ಕೆ ಅಂಕ ಕಡಿತ ಇದೆ. ಪ್ರಮಾಣಪತ್ರಕ್ಕೆ 3 ವರ್ಷದ ಆಯಸ್ಸು, ಆಮೇಲೆ ನವೀಕರಿಸಬೇಕು. ಲಿಸ್ಟೆಡ್ ಕಂಪನಿಯಲ್ಲಿ ಈ ಹುದ್ದೆಗೆ ಕಂಪನಿ ಸೆಕ್ರೆಟರಿಯೇ ಬೇಕು. ಬ್ಯಾಂಕಿನವರಿಗೆ ಬ್ಯಾಂಕಿಂಗ್ ಪರೀಕ್ಷೆಗಳನ್ನು ನಡೆಸುವ ಐಐಬಿಎಫ್ ಸಂಸ್ಥೆಯ ಕೆವೈಸಿ ಮತ್ತು ಅಕ್ರಮ ಹಣ ತಡೆ ಪ್ರಮಾಣಪತ್ರ ಒಳ್ಳೆಯ ಆರಂಭ. ಜೊತೆಗೆ ದುಡ್ಡು ಖರ್ಚಿಲ್ಲದ ಒಂದು ಪಾಠಶಾಲೆ ಇದೆ. ಆರ್‌ಬಿಐ ತಾನು ದಂಡ ಹಾಕಿದ ಸಂಸ್ಥೆಗಳ ಪತ್ರಿಕಾ ಪ್ರಕಟಣೆಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ವಾರಕ್ಕೆ ಒಂದನ್ನು ತೆಗೆದು, "ಇದು ನಮ್ಮಲ್ಲಿ ಆಗಬಹುದಾ?" ಅಂತ ಕೇಳಿಕೊಂಡರೆ ಪುಸ್ತಕಕ್ಕಿಂತ ಜಾಸ್ತಿ ಕಲಿಯಬಹುದು.

ಮಾರ್ಚ್ 31ರ ಸಂಜೆ

ಬೇಡ ಅನ್ನುವುದನ್ನು ಯಾವ ಪರೀಕ್ಷೆಯೂ ಕಲಿಸುವುದಿಲ್ಲ. ತರಗತಿಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ. ಒಬ್ಬರು ಶಾಖಾ ಮ್ಯಾನೇಜರ್. ನಾಲ್ಕು ಜನ ಪಾಲುದಾರರ ಹತ್ತಿ ಜಿನ್ನಿಂಗ್ ಫರ್ಮ್ ಒಂದಕ್ಕೆ ಅವತ್ತೇ ಖಾತೆ ತೆರೆದು ಠೇವಣಿ ತೋರಿಸಬೇಕು. ಪಾಲುದಾರಿಕೆ ಪತ್ರ ಬಂದಿಲ್ಲ. 10 ಶೇಕಡಾಕ್ಕಿಂತ ಹೆಚ್ಚು ಪಾಲು ಯಾರ್‍ಯಾರದ್ದು ಅಂತ ಗೊತ್ತಾಗದೆ ನಿಜವಾದ ಮಾಲೀಕರನ್ನು ಗುರುತಿಸಲು ಆಗುವುದಿಲ್ಲ.

"ಇವತ್ತ ಮಾರ್ಚ್ 31 ರೀ. ಹಳೇ ಪಾರ್ಟಿ. ನಾಲ್ಕ ದಿನಕ್ಕ ಕಾಗದಾ ತಂದ ಕೊಡ್ತಾರ. ನೀವೊಂದ ಓಕೆ ಅನ್ರಿ ಸಾಕು."

ತರಬೇತಿ ಇಲ್ಲದವರು ಇಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ. ನಿಯಮದ ನಂಬರ್ ಹೇಳಿ ಮುಖ ಗಂಟುಹಾಕಿಕೊಳ್ಳುತ್ತಾರೆ, ಇಲ್ಲ ಸಂಕೋಚಕ್ಕೆ ಓಕೆ ಅನ್ನುತ್ತಾರೆ. ಕಲಿಯಬೇಕಾದ ಉತ್ತರ ಹೀಗಿರುತ್ತದೆ: "ಅರ್ಜಿ ಇವತ್ತ ತಗೊಂಡ ಇಡ್ರಿ. ಏನೇನ್ ಬೇಕಂತ ನಾನ ಅವರಿಗೆ ಬರದ ಕಳಸ್ತೀನಿ. ಡೀಡ್ ಕೈಗೆ ಬಂದ ಅರ್ಧ ತಾಸಿನ್ಯಾಗ ನಂದ ಮಂಜೂರಿ. ಅದಕ್ಕಿಂತ ಮೊದಲ ಮಾತ್ರ ಆಗೂದಿಲ್ರಿ." ಇದರಲ್ಲಿ ಸಹಾಯವೂ ಇದೆ, ಗೆರೆಯೂ ಇದೆ. ಆಮೇಲೆ ಅದನ್ನೇ ಎರಡು ಸಾಲಿನ ಇಮೇಲ್ ಮಾಡಿ ಇಡಬೇಕು. ಮ್ಯಾನೇಜರ್ ಮೇಲಿನವರಿಗೆ ಫೋನ್ ಮಾಡಿದರೆ, ಮೇಲಿನವರು ಇವರಿಗೆ ಫೋನ್ ಮಾಡಿದರೆ, ಆಗಲೂ ಇದೇ ಮಾತನ್ನು ಇದೇ ದನಿಯಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಸಿ. ಸಂಸ್ಥೆಯ ಆಡಳಿತ ಮಂಡಳಿ ಬೆನ್ನಿಗೆ ನಿಲ್ಲದಿದ್ದರೆ ಎಂಥ ತರಬೇತಿಯೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ವರ್ಷಕ್ಕೆ ಒಂದು ಸಲವಾದರೂ ನಿರ್ದೇಶಕರನ್ನೂ ಇದೇ ತರಗತಿಯಲ್ಲಿ ಕೂರಿಸಬೇಕು.

ಬೇಡ ಅನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಕೆಲವು ಸಲ ಸಂಸ್ಥೆ ವಿನಾಕಾರಣ ಬೇಡ ಅನ್ನುತ್ತದೆ, ಆಗ ಕಂಪ್ಲೈಯನ್ಸ್ ಅಧಿಕಾರಿ ಗಿರಾಕಿಯ ಪರ ನಿಲ್ಲಬೇಕು. ವಿಡಿಯೊ ಕೆವೈಸಿಯಲ್ಲಿ ಕಣ್ಣು ಮಿಟುಕಿಸಲು ಆಗದವರ ಅರ್ಜಿ ಬಿದ್ದುಹೋಗುತ್ತಿತ್ತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ಒಳಗಾದವರು ಮತ್ತು ಕಣ್ಣು ಕಾಣದವರ ಅರ್ಜಿಯ ಮೇಲೆ, ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೆವೈಸಿ ನವೀಕರಣ ಆಗಿಲ್ಲ ಅಂತ ಪಿಂಚಣಿ ಖಾತೆ ತಡೆದ ದೂರುಗಳೂ ಬರುತ್ತವೆ. 2025ರ ಜೂನ್ ತಿದ್ದುಪಡಿಯಂತೆ ಗಡುವಿಗೆ ಮೊದಲು ಮೂರು ಸಲ, ಗಡುವಿನ ನಂತರ ಮೂರು ಸಲ ತಿಳಿಸಬೇಕು. ಎರಡೂ ಸುತ್ತಿನಲ್ಲಿ ಒಂದೊಂದಾದರೂ ಅಂಚೆ ಪತ್ರ ಇರಬೇಕು. ಎಸ್‌ಎಂಎಸ್ ಓದಲು ಬಾರದ ಅಜ್ಜಿಗೆ ಪತ್ರ ಹೋಗಿದೆಯೇ ಅಂತ ಕೇಳಬೇಕಾದವರು ಇವರೇ.

ಕಲಿತದ್ದು ಇಳಿದಿದೆಯೇ?

ಸಿಬ್ಬಂದಿ ತರಬೇತಿಯ ಬಗ್ಗೆ ಆರ್‌ಬಿಐ ಕೆವೈಸಿ ನಿರ್ದೇಶನದಲ್ಲೇ ಒಂದು ಒಳ್ಳೆಯ ಮಾತಿದೆ. ಕೌಂಟರಿನವರಿಗೆ, ಕಂಪ್ಲೈಯನ್ಸ್‌ನವರಿಗೆ, ಹೊಸ ಗಿರಾಕಿಗಳನ್ನು ನೋಡುವವರಿಗೆ ತರಬೇತಿ ಬೇರೆ ಬೇರೆ ಇರಬೇಕು. ಗಿರಾಕಿಗೆ ತಿಳಿವಳಿಕೆ ಇಲ್ಲದೆ ಹುಟ್ಟುವ ಸಮಸ್ಯೆಗಳನ್ನು ನಿಭಾಯಿಸಲು ಕೌಂಟರಿನವರನ್ನು ವಿಶೇಷವಾಗಿ ತಯಾರು ಮಾಡಬೇಕು. ಆದರೂ ಎಷ್ಟೋ ಕಡೆ ಎಲ್ಲರಿಗೂ ಒಂದೇ ಆನ್‌ಲೈನ್ ಸ್ಲೈಡು. ಇಂಗ್ಲಿಷಿನಲ್ಲಿ ಇಪ್ಪತ್ತು ಪ್ರಶ್ನೆ, ಒಬ್ಬರು ಉತ್ತರ ಹೇಳುತ್ತಾರೆ, ಮಿಕ್ಕವರು ಒತ್ತುತ್ತಾರೆ. ದಾಖಲೆಯಲ್ಲಿ ನೂರಕ್ಕೆ ನೂರು ತರಬೇತಿ.

ಇದರ ಬದಲು ಹೊಸ ಕಂಪ್ಲೈಯನ್ಸ್ ಅಧಿಕಾರಿಯನ್ನು ಆರು ತಿಂಗಳಾದ ಮೇಲೆ ಹೇಳದೆ ಕೇಳದೆ ಒಂದು ಶಾಖೆಗೆ ಕಳಿಸಿ. ಶಿರಹಟ್ಟಿಯೋ ಸವಣೂರೋ, ಯಾವುದಾದರೂ ಆಗಲಿ. ಕ್ಯಾಶಿಯರ್ ಹತ್ತಿರ ಹೋಗಿ ಕೇಳಲಿ: ಒಬ್ಬರೇ ದಿನಾ 49,000 ಕಟ್ಟುತ್ತಿದ್ದರೆ ಯಾರಿಗೆ ಹೇಳುತ್ತೀರಿ? ಬಂಗಾರದ ಸಾಲ ನೋಡುವವರನ್ನು ಕೇಳಲಿ: ಹರಾಜಿನ ನೋಟಿಸ್ ಯಾವ ಭಾಷೆಯಲ್ಲಿ ಹೋಗುತ್ತದೆ, ತೋರಿಸಿ. ಫೀಲ್ಡ್ ಆಫೀಸರನ್ನು ಕೇಳಲಿ: ಗಂಡನ ಸಾಲ ಕೇಳಿದಿರಾ, ಎಲ್ಲಿ ಬರೆದಿದ್ದೀರಿ? ಉತ್ತರ ಬಾರದ ಪ್ರಶ್ನೆಗಳನ್ನು ಅವರು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ತರಬೇಕು. ಆ ಶಾಖೆಗೆ ಮುಂದಿನ ತಿಂಗಳ ತರಗತಿಯಲ್ಲಿ ಆ ಹಾಳೆಯಲ್ಲಿ ಇರುವಷ್ಟನ್ನೇ ಹೇಳಿಕೊಡಬೇಕು.